ಸೈಕಲ್ಲಿಗೊಂದು ಹಾಫ್ ಟಿಕೆಟ್

ಸೈಕಲ್ಲಿನ ಎಡಗಡೆಯ ಪೆಡಲನ್ನು ಬಿಚ್ಚುವುದಾದರೆ ಸ್ಪ್ಯಾನರನ್ನು ಬಲಕ್ಕೆ ತಿರುಗಿಸಬೇಕು. ಬಲಗಡೆಯದ್ದಕ್ಕೆ ಮಾಮೂಲಿನ ಹಾಗೆ ಎಡಕ್ಕೆ. ತುಳಿಯುತ್ತಾ ತುಳಿಯುತ್ತಾ ತನ್ನಷ್ಟಕ್ಕೇ ಸಡಿಲವಾಗಿ ಬಿದ್ದುಹೋಗಬಾರದು ಅಂತ ಎಡಗಡೆಯದ್ದಕ್ಕೆ ಉಲ್ಟಾ ಥ್ರೆಡ್ ಕೊಟ್ಟಿರುತ್ತಾರೆ. ಸುಳ್ಯದಲ್ಲಿ ನಾಲ್ಕು ವರ್ಷ ಬಿಇ ಓದಿ, ಬೆಂಗಳೂರಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ ನನಗೆ ಇದು ಗೊತ್ತಾದದ್ದು 2019ರ ಡಿಸೆಂಬರಿನಲ್ಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೂತು ಅರ್ಧ ಗಂಟೆ ಗುದ್ದಾಡಿ ಬೆರಳಿನ ಗಂಟಿನ ಚರ್ಮ ಎದ್ದ ಮೇಲೆ. ಅದೂ ನನಗೇ ಹೊಳೆದದ್ದಲ್ಲ. ವಾಚ್‌ಮನ್ ಬಂದು ಸ್ವಲ್ಪ ಹೊತ್ತು ನೋಡಿ, "ಸಾರ್, ಆ ಕಡೆ ತಿರುಗಿಸಿ" ಅಂದ. ತಿರುಗಿಸಿದೆ. ಬಂತು.

ಪೆಡಲು ಬಿಚ್ಚಿದ್ದು ಯಾಕೆಂದರೆ ಮಾರನೇ ದಿನ ಸೈಕಲ್ಲನ್ನು ಊರಿಗೆ ತೆಗೆದುಕೊಂಡು ಹೋಗಲಿಕ್ಕಿತ್ತು. ನಮ್ಮ ಊರು ಕಾಣಿಯೂರಿನ ಹತ್ತಿರ. ನಾನು ಶಾಲೆಗೆ ಹೋಗುವಾಗ ಪುತ್ತೂರು ತಾಲೂಕು ಅಂತ ಬರೆಯುತ್ತಿದ್ದೆ, ಈಗ ಕಡಬ ತಾಲೂಕು. ಅಮ್ಮನ ತವರು ಮತ್ತು ನನ್ನ ಕಾಲೇಜು ಎರಡೂ ಸುಳ್ಯ ತಾಲೂಕು. ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ಬದಲಾಗಿದೆ. ಬೆಂಗಳೂರಿನಿಂದ ಅಲ್ಲಿಗೆ ಒಂದು ರಾತ್ರಿಯ ಬಸ್ಸಿನ ದಾರಿ. ಆಫೀಸಿನ ರಜೆ ಅರ್ಜಿಯಲ್ಲಿ 'ವೆಕೇಶನ್' ಅಂತ ಆರಿಸಿದರೆ ಎಲ್ಲಿಗೆ ಅಂತ ಕೇಳುವ ಒಂದು ಖಾನೆ ಇದೆ. ಜತೆಯವರು ಗೋವಾ, ಬಾಲಿ ಅಂತ ಬರೆಯುವಲ್ಲಿ ನಾನು 'ನೇಟಿವ್' ಅಂತ ಬರೆಯುತ್ತೇನೆ. ಹಾಗೆ ಬರೆಯುವುದರಲ್ಲಿ ಏನೋ ಒಂದು ಎಡವಟ್ಟು ಉಂಟು ಅಂತ ನನಗೆ ಆಗ ಅನಿಸಿರಲಿಲ್ಲ.

ಇದು ಎರಡನೇ ಪ್ರಯತ್ನ. ಮೊದಲನೆಯದು 2017ರಲ್ಲಿ, ಸೈಕಲ್ ಹೊಸತರಲ್ಲಿ. ಇಪ್ಪತ್ತೊಂದು ಗೇರಿನ ಸೈಕಲ್ಲು, ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ ಬೆಲೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಾಲ್ಕು ಭಾನುವಾರ ಓಡಿಸಿ ಸಾಕಾಗಿತ್ತು. ಇದನ್ನು ಓಡಿಸಬೇಕಾದದ್ದು ನಮ್ಮ ಊರಲ್ಲಿ ಅಂತ ತಲೆಗೆ ಬಂತು. ಗುಡ್ಡೆ, ತೋಡು, ಸಂಕ, ರಬ್ಬರ್ ತೋಟದ ಮಧ್ಯೆ ಹಾವಿನ ಹಾಗೆ ಹೋಗುವ ಡಾಮರು ರಸ್ತೆ. ಅಲ್ಲಿ ಬಾಡಿಗೆಗೆ ಸೈಕಲ್ ಸಿಗುವುದಿಲ್ಲವಾ ಅಂತ ಹೆಂಡತಿ ಕೇಳಿದಳು. ಅವಳು ಶಿವಮೊಗ್ಗದವಳು. ನಾನು ಸಣ್ಣವನಿದ್ದಾಗ ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಕೊಡುವ ಸೈಕಲ್ ಅಂಗಡಿಗಳು ಪೇಟೆಯಲ್ಲಿ ಇದ್ದದ್ದು ನಿಜ. ಈಗ ಎಲ್ಲರ ಮನೆಯಲ್ಲೂ ಸ್ಕೂಟರ್ ಇದೆ, ಸೈಕಲ್ ಯಾರಿಗೆ ಬೇಕು?

ರಾತ್ರಿ ಬಸ್ಸಿನ ಕ್ಲೀನರ್ ಮುನ್ನೂರು ರೂಪಾಯಿ ತೆಗೆದುಕೊಂಡು ಸೈಕಲ್ಲನ್ನು ಡಿಕ್ಕಿಗೆ ತಳ್ಳಿದ. ನಾನು ಮೇಲೆ ಹತ್ತಿ ಮಲಗಿದೆ. ದಾರಿಯಲ್ಲಿ ಅದರ ಮೇಲೆ ಏನೇನು ಬಿತ್ತೋ ದೇವರಿಗೇ ಗೊತ್ತು. ಬೆಳಿಗ್ಗೆ ಪುತ್ತೂರಿನಲ್ಲಿ ಇಳಿಸುವಾಗ ಹಿಂದಿನ ಗೇರು ಚಕ್ರದ ಒಳಗೆ ಕತ್ತು ಹಾಕಿಕೊಂಡು ಕೂತಿತ್ತು. ಆ ಗೇರನ್ನು ಫ್ರೇಮಿಗೆ ಹಿಡಿದುಕೊಳ್ಳುವ ಒಂದು ಅಲ್ಯುಮಿನಿಯಂ ತುಂಡು ಇರುತ್ತದೆ. ಹ್ಯಾಂಗರ್ ಅನ್ನುತ್ತಾರೆ. ಪೆಟ್ಟು ಬಿದ್ದರೆ ಫ್ರೇಮು ಹಾಳಾಗುವ ಬದಲು ತಾನು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ತೊಂದರೆ ಏನೆಂದರೆ ಮಾಡೆಲಿಗೊಂದು ಆಕಾರ. ಪುತ್ತೂರಿನ ಹಳೇ ಸೈಕಲ್ ಅಂಗಡಿಯ ಅಜ್ಜ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದಕ್ಕೆ ಮದ್ದು ಇಲ್ಲಿಲ್ಲ ಮಾರಾಯ್ರೆ" ಅಂದರು. ಹಾಗಂತ ನನ್ನನ್ನು ಕಳುಹಿಸಿಬಿಡಲಿಲ್ಲ. ಗೇರನ್ನೇ ತೆಗೆದು ಕೈಗೆ ಕೊಟ್ಟರು. ಚೈನನ್ನು ತುಂಡು ಮಾಡಿ, ಅಳತೆ ನೋಡಿ ಸಣ್ಣ ಮಾಡಿ, ಹಿಂದಿನ ಮಧ್ಯದ ಹಲ್ಲಿಗೆ ಕೂರಿಸಿದರು. "ಈಗ ಇದಕ್ಕೆ ಒಂದೇ ಗೇರು. ಚಡಾವು ಬಂದರೆ ಇಳಿಯಿರಿ" ಅಂದರು. ಐವತ್ತು ರೂಪಾಯಿ.

ಪುತ್ತೂರಿನಿಂದ ಸವಣೂರು, ಅಲ್ಲಿಂದ ಕಾಣಿಯೂರು. ಈ ದಾರಿಯಲ್ಲಿ ಎಷ್ಟು ಚಡಾವು ಉಂಟು ಅಂತ ಬಸ್ಸಿನಲ್ಲಿ ಹೋಗುವವರಿಗೆ ಲೆಕ್ಕ ಸಿಗುವುದಿಲ್ಲ. ನನಗೆ ಸಿಕ್ಕಿತು. ಪ್ರತಿಯೊಂದರಲ್ಲೂ ಇಳಿದು ದೂಡಿದೆ. ಮನೆಗೆ ತಲುಪುವಾಗ ಮಧ್ಯಾಹ್ನ ಊಟ ಮುಗಿದಿತ್ತು. ಅಪ್ಪ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಸೈಕಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಪುನಃ ಸೈಕಲ್ಲನ್ನು ನೋಡಿದರು.

"ಎಂತಕ್ಕೆ ಇದು?"

"ಎಕ್ಸರ್‌ಸೈಜಿಗೆ."

"ತೋಟದಲ್ಲಿ ಅಡಿಕೆ ಹೆಕ್ಕಲಿಕ್ಕೆ ಉಂಟು" ಅಂದರು ಅಪ್ಪ.

(ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ತುಳುವಿನಲ್ಲಿ ಇದು ಇನ್ನೂ ಸ್ವಲ್ಪ ಚುಚ್ಚುತ್ತದೆ.)

ಅವತ್ತು ಸಂಜೆ ಅಪ್ಪ ತನ್ನ ಸೈಕಲ್ಲಿನ ಕಥೆ ಹೇಳಿದರು. ನಾನು ಹುಟ್ಟುವ ಒಂದು ವರ್ಷ ಮೊದಲು, ಪುತ್ತೂರಿನ ಸೋಮವಾರದ ಸಂತೆಗೆ ಹೋದವರು ಯಾರದ್ದೋ ಹಳೆಯ ಹರ್ಕ್ಯುಲಿಸ್ ಸೈಕಲ್ಲನ್ನು ಕ್ರಯಕ್ಕೆ ತೆಗೆದುಕೊಂಡರು. ಆಗ ಅವರಿಗೆ ಸೈಕಲ್ ಬಿಡಲಿಕ್ಕೆ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಬಸ್ಸಿನಲ್ಲಿ ತಂದರು. ಆಗಿನ ಬಸ್ಸುಗಳ ಮೇಲೆ ಕ್ಯಾರಿಯರ್ ಇರುತ್ತಿತ್ತು, ಹಿಂದೆ ಏಣಿ. ಬಾಳೆಗೊನೆ, ಗೋಣಿ ಮೂಟೆ, ಕೋಳಿ ಗೂಡು ಎಲ್ಲ ಮೇಲೆಯೇ ಹೋಗುತ್ತಿತ್ತು. ಸೈಕಲ್ಲನ್ನು ಎತ್ತಿ ಮೇಲೆ ಮಲಗಿಸಿ ಬಾಳೆಹಗ್ಗದಲ್ಲಿ ಕಟ್ಟಿದರು. ಲಗೇಜಿಗೆ ಎಷ್ಟು ಅಂತ ಕೇಳಿದರೆ ಕಂಡಕ್ಟರ್ ಸ್ವಲ್ಪ ಯೋಚನೆ ಮಾಡಿ, "ಸೀಟು ಕೇಳುದಿಲ್ಲ, ವಾಂತಿ ಮಾಡುದಿಲ್ಲ, ಹಾಫ್ ಸಾಕು" ಅಂತ ಒಂದು ಹಾಫ್ ಟಿಕೆಟ್ ಹರಿದು ಕೊಟ್ಟರಂತೆ.

ಆ ಸೈಕಲ್ ನನಗೆ ಚೆನ್ನಾಗಿ ನೆನಪುಂಟು. ಅದರ ಮೇಲೆ ಅಪ್ಪ ಕೂತದ್ದಕ್ಕಿಂತ ಅದನ್ನು ದೂಡಿದ್ದೇ ಹೆಚ್ಚು. ಹ್ಯಾಂಡಲಿನಲ್ಲಿ ಹಾಲಿನ ಕ್ಯಾನು, ಅಡ್ಡಪಟ್ಟಿಯ ಮೇಲೆ ಹಿಂಡಿಯ ಗೋಣಿ, ಹಿಂದಿನ ಕ್ಯಾರಿಯರಿನಲ್ಲಿ ಒಮ್ಮೊಮ್ಮೆ ನಾನು. ಎರಡನೇ ಕ್ಲಾಸಿನಲ್ಲಿ ಜ್ವರ ಬಂದು ಎದ್ದು ನಿಲ್ಲಲಿಕ್ಕೆ ಆಗದಿದ್ದಾಗ ಕಂಬಳಿ ಹೊದೆಸಿ ನನ್ನನ್ನು ಕ್ಯಾರಿಯರಿಗೆ ಬೈರಾಸಿನಲ್ಲಿ ಕಟ್ಟಿ ಡಾಕ್ಟರಲ್ಲಿಗೆ ಕರಕೊಂಡು ಹೋದದ್ದು ಅದರಲ್ಲೇ. ದಾರಿಯಿಡೀ ಚೈನಿನ ಟಕ್ ಟಕ್ ಕೇಳುತ್ತಿತ್ತು, ಅಪ್ಪನ ಬೆನ್ನು ಬೆವರಿನಲ್ಲಿ ಒದ್ದೆಯಾಗಿತ್ತು. ಡಾಕ್ಟರ್ ಏನು ಮದ್ದು ಕೊಟ್ಟರೋ ಒಂದೂ ನೆನಪಿಲ್ಲ. ಆಮೇಲೆ ಸೈಕಲ್ ಹಟ್ಟಿಯ ಮಾಡಿನಲ್ಲಿ ತುಕ್ಕು ಹಿಡಿದು, ಗುಜರಿಗೆ ಹೋಯಿತು.

"ನಾನು ತಂದದ್ದು ಕೆಲಸಕ್ಕೆ" ಅಂದರು ಅಪ್ಪ. ಮುಂದಿನದ್ದು ಹೇಳಲಿಲ್ಲ.

ಆ ಸಲ ಬಾಗಿದ ಹ್ಯಾಂಗರ್ ಜೇಬಿನಲ್ಲಿ ಹಾಕಿಕೊಂಡು ಸೈಕಲ್ಲನ್ನು ಪುನಃ ಬಸ್ಸಿಗೇ ಹಾಕಿ ವಾಪಸ್ ತಂದೆ. ಇನ್ನು ಹಾಳಾಗಲಿಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

2018ರಲ್ಲಿ ಚೌತಿಗೆ ರೈಲಿನಲ್ಲಿ ತರುವುದು ಅಂತ ತೀರ್ಮಾನ ಮಾಡಿದ್ದೆ. ಆ ಆಗಸ್ಟಿನ ಮಳೆ ಯಾರಿಗೂ ಮರೆಯುವ ಹಾಗಿಲ್ಲ. ಜೋಡುಪಾಲದಲ್ಲಿ ಗುಡ್ಡವೇ ಇಳಿದು ಬಂದು ಸಂಪಾಜೆಯ ದಾರಿ ಹೋಯಿತು. ಶಿರಾಡಿ ಬಂದ್. ಘಾಟಿಯ ರೈಲು ಹಳಿಯ ಮೇಲೂ ಮಣ್ಣು, ಬಂಡೆ. ಬೆಂಗಳೂರಿನಿಂದ ಊರಿಗೆ ಮನುಷ್ಯರು ಹೋಗುವುದೇ ಸುತ್ತುಬಳಸಿ ಅಂತ ಆಗಿರುವಾಗ ಸೈಕಲ್ಲಿನ ಮಾತು ಎತ್ತಿದರೆ ಬೈಗುಳ ತಿನ್ನಬೇಕಾದೀತು ಅಂತ ಸುಮ್ಮನಿದ್ದೆ.

2019ರ ಡಿಸೆಂಬರಿನಲ್ಲಿ ಹೆಂಡತಿ, ಮಗಳು ಶಿವಮೊಗ್ಗಕ್ಕೆ ರೈಲಿನಲ್ಲಿ ಹೋದರು. ನನಗೆ ಎಂಟು ದಿನ ರಜೆ. ಕಾರು ಬೇಸ್‌ಮೆಂಟಿನಲ್ಲೇ ಇತ್ತು. ಈ ವಾಕ್ಯವನ್ನು ನೀವು ನೆನಪಿಟ್ಟುಕೊಳ್ಳಬೇಕು, ಆಮೇಲೆ ಬೇಕಾಗುತ್ತದೆ.

ನಡುವೆ ಆರು ತಿಂಗಳು ಆಫೀಸಿನವರು ನೆದರ್‌ಲ್ಯಾಂಡ್ಸಿಗೆ ಕಳುಹಿಸಿದ್ದರು. ಅಲ್ಲಿ ಸೈಕಲ್ಲಿನ ಚಿತ್ರ ಇರುವ ಬೋಗಿಯ ಬಾಗಿಲಲ್ಲಿ ಸೈಕಲ್ ದೂಡಿಕೊಂಡು ಹತ್ತುವುದು. ಮಡಚುವ ಸೈಕಲ್ಲಿಗೆ ದುಡ್ಡಿಲ್ಲ, ಮಡಚದ್ದಕ್ಕೆ ಒಂದು ದಿನದ ಟಿಕೆಟ್, ಆಫೀಸಿಗೆ ಹೋಗುವ ಬರುವ ಹೊತ್ತಿನಲ್ಲಿ ಮಾತ್ರ ಪ್ರವೇಶವಿಲ್ಲ. ಅಪ್ಪನ ಕಂಡಕ್ಟರಿಗೆ ಇದೆಲ್ಲ ಅರ್ಧ ನಿಮಿಷದಲ್ಲಿ ಹೊಳೆದಿತ್ತಲ್ಲ ಅಂತ ಅಲ್ಲಿ ನಿಂತುಕೊಂಡು ನೆನಪು ಮಾಡಿಕೊಂಡಿದ್ದೆ.

ನಮ್ಮ ರೈಲಿನಲ್ಲಿ ಕ್ರಮ ಬೇರೆ. ಸೈಕಲ್ಲನ್ನು ಬೋಗಿಯ ಒಳಗೆ ಬಿಡುವುದಿಲ್ಲ. ಪಾರ್ಸೆಲ್ ಆಫೀಸಿಗೆ ಹೋಗಿ, ನಮ್ಮ ಟಿಕೆಟ್ ತೋರಿಸಿ, ಲಗೇಜು ಅಂತ ಬುಕ್ ಮಾಡಬೇಕು. ಅದು ಗಾರ್ಡಿನ ಬೋಗಿಯ ಪಕ್ಕದ ಲಗೇಜು ಕೋಣೆಯಲ್ಲಿ ಬರುತ್ತದೆ. ರೈಲು ಸ್ವಲ್ಪ ಹೊತ್ತಾದರೂ ನಿಲ್ಲುವ ಸ್ಟೇಷನ್ನಿಗೆ ಬುಕ್ ಮಾಡುವುದು ಕ್ಷೇಮ, ಇಲ್ಲದಿದ್ದರೆ ನಾವು ಇಳಿದು ಹಿಂದಕ್ಕೆ ಓಡುವುದರೊಳಗೆ ಸೈಕಲ್ ಮಂಗಳೂರಿಗೆ ಹೋಗುತ್ತದೆ. ನಮ್ಮ ಕಾಣಿಯೂರಿನಲ್ಲಿ ಸ್ಟೇಷನ್ ಉಂಟು, ಆದರೆ ಬೆಂಗಳೂರಿನ ಎಕ್ಸ್‌ಪ್ರೆಸ್ಸು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಬುಕ್ ಮಾಡಿದೆ. ಘಾಟಿಗೆಂದು ಸಿಕ್ಕಿಸಿದ ಎಂಜಿನ್ನನ್ನು ಅಲ್ಲಿ ಕಳಚುವುದರಿಂದ ರೈಲು ಸ್ವಲ್ಪ ಸಾವಕಾಶ ಮಾಡಿ ನಿಲ್ಲುತ್ತದೆ.

ಯಶವಂತಪುರಕ್ಕೆ ರೈಲಿಗಿಂತ ಎರಡು ಗಂಟೆ ಮೊದಲೇ ಹೋದೆ. ಈ ಸಲ ಬಸ್ಸಿನ ಪಾಠ ಕಲಿತಿದ್ದೆ. ಚೈನನ್ನು ಹಿಂದಿನ ಅತಿ ದೊಡ್ಡ ಹಲ್ಲಿಗೆ ಹಾಕಿದರೆ ಗೇರು ಒಳಗೆ ಸರಿದು ಕೂರುತ್ತದೆ, ಪೆಟ್ಟು ಕಡಿಮೆ. ಅದರ ಮೇಲೆ ಹಳೇ ಹವಾಯಿ ಚಪ್ಪಲಿಯೊಂದನ್ನು ಕತ್ತರಿಸಿ ಕಟ್ಟಿದ್ದೆ. ಹ್ಯಾಂಡಲ್ ತಿರುಗಿಸಿ ಅಡ್ಡಪಟ್ಟಿಗೆ ಬಿಗಿದಿದ್ದೆ. ಮೇಲಿನಿಂದ ಗೋಣಿ. ಜೇಬಿನಲ್ಲಿ ಎರಡು ಹೊಸ ಹ್ಯಾಂಗರ್. ಗುಮಾಸ್ತರು ಚೀಟಿ ಬರೆಯುತ್ತಾ, "ಪೆಟ್ರೋಲ್ ಖಾಲಿ ಮಾಡಿದ್ದೀರಾ?" ಅಂತ ಕೇಳಿದರು. ಬೈಕ್ ಬುಕ್ ಮಾಡುವವರಿಗೆ ಕೇಳುವ ಪ್ರಶ್ನೆ, ಬಾಯಿಪಾಠ. ಕತ್ತೆತ್ತಿ ಸೈಕಲ್ ನೋಡಿ ಅವರೇ ನಕ್ಕರು. ಹೆಸರು, ಪಿಎನ್‌ಆರ್, ಎಲ್ಲಿಂದ ಎಲ್ಲಿಗೆ ಅಂತ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಎರಡು ಕಡೆ ಕಟ್ಟಿದೆ.

ಸಕಲೇಶಪುರ ಬಿಟ್ಟ ಮೇಲಿನ ಐವತ್ತೈದು ಕಿಲೋಮೀಟರಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. 57 ಸುರಂಗ, ಐವತ್ತು ಅಡಿ ಹೋದರೆ ಒಂದಡಿ ಇಳಿಯುವ ಹಳಿ. 1979ರಲ್ಲಿ ಶುರುವಾದ ದಾರಿ. ನಾನು ಪ್ರೈಮರಿಯಲ್ಲಿದ್ದಾಗ, 1996ರಲ್ಲಿ, ಹಳಿ ಅಗಲ ಮಾಡಲಿಕ್ಕೆ ಅಂತ ಘಾಟಿಯಲ್ಲಿ ನಿಲ್ಲಿಸಿದ್ದು, ಪ್ರಯಾಣಿಕರ ರೈಲು ಪುನಃ ಬಂದದ್ದು 2007ರ ಡಿಸೆಂಬರಿನಲ್ಲಿ, ನಾನು ಬಿಇ ಮುಗಿಸುವ ಹೊತ್ತಿಗೆ. ನನ್ನ ಇಡೀ ಓದು ಬಸ್ಸಿನಲ್ಲೇ ಮುಗಿಯಿತು. ಎಲ್ಲರೂ ಬಾಗಿಲಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರು. ನಾನು ಪ್ರತಿ ಸುರಂಗದಲ್ಲೂ ಸೈಕಲ್ ಎಲ್ಲಿ ಬಿದ್ದಿದೆಯೋ ಅಂತ ಯೋಚಿಸುತ್ತಿದ್ದೆ.

ಬಿದ್ದಿರಲಿಲ್ಲ. ನೆಟ್ಟಣದಲ್ಲಿ ಓಡಿ ಹೋಗಿ ನಿಂತಾಗ ಬಾಗಿಲು ತೆಗೆದು, ಎರಡು ಮೂಟೆ ಸರಿಸಿ, ನನ್ನ ಸೈಕಲ್ಲನ್ನು ಮೆಲ್ಲ ಕೈಗೆ ಕೊಟ್ಟರು. ಗೋಣಿ ಮಾತ್ರ ಒಂದು ಕಡೆ ಹರಿದಿತ್ತು. ಪ್ಲಾಟ್‌ಫಾರ್ಮಿನಲ್ಲೇ ಕೂತು ಪೆಡಲು ಸಿಕ್ಕಿಸಿದೆ. ಎಡಗಡೆಯದ್ದನ್ನು ಉಲ್ಟಾ.

ನೆಟ್ಟಣದಿಂದ ಬಿಳಿನೆಲೆ, ಮರ್ದಾಳ, ಕಡಬ, ಕೋಡಿಂಬಾಳ, ಆಮೇಲೆ ಪುಲಿಕುಕ್ಕಿನಲ್ಲಿ ಕುಮಾರಧಾರಾ ದಾಟಿ ಎಡಮಂಗಲದ ಮೇಲಿಂದ ನಮ್ಮ ಮನೆ. ಮೂವತ್ತು ಕಿಲೋಮೀಟರಿನ ಆಸುಪಾಸು. ಆ ಮೂರು ಗಂಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಜಂಭ ಆಗುತ್ತದೆ. ಗೇರು ಹಾಕಿ ಒಂದು ಚಡಾವಿನಲ್ಲೂ ಇಳಿಯದೆ ಹೋದೆ. ಕಡಬದಲ್ಲಿ ಗೋಳಿಬಜೆ, ಚಾ. ಸೇತುವೆಯ ಮೇಲೆ ನಿಂತಾಗ ಕೆಳಗೆ ಹೊಳೆ ತಣ್ಣಗೆ ಹಸಿರಾಗಿತ್ತು. ಮಳೆಗಾಲದಲ್ಲಿ ನೋಡಿದವರಿಗೆ ಅದೇ ಹೊಳೆ ಅಂತ ನಂಬಲಿಕ್ಕೆ ಆಗದು. ಗದ್ದೆಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು "ಗೇರ್ ಸೈಕಲ್, ಗೇರ್ ಸೈಕಲ್" ಅಂತ ಬೊಬ್ಬೆ ಹಾಕಿದರು. ಇಷ್ಟು ಖುಷಿ ನನಗೆ ಯಾವ ರಜೆಯಲ್ಲೂ ಆಗಿರಲಿಲ್ಲ, ಅದನ್ನು ಸುಳ್ಳು ಹೇಳುವುದಿಲ್ಲ.

ಮನೆ ತಲುಪುವಾಗ ಕತ್ತಲೆ. ಅಂಗಳದ ತುಂಬ ಅಡಿಕೆ. ಸೈಕಲ್ಲನ್ನು ಹೆಗಲಿಗೇರಿಸಿ ಬದಿಯಿಂದ ಬಂದೆ. ಅಮ್ಮ ಬಾಗಿಲಿಗೆ ಬಂದವಳು ನನ್ನ ಹಿಂದೆ ನೋಡಿದಳು, ಗೇಟಿನ ಕಡೆ.

"ಕಾರು?"

"ಕಾರು ತರ್ಲಿಲ್ಲ ಅಮ್ಮ. ಸೈಕಲ್ಲಲ್ಲಿ ಬಂದೆ, ನೆಟ್ಟಣದಿಂದ!"

"ಹೌದಾ" ಅಂದಳು. ಆಮೇಲೆ, "ಪರವಾಗಿಲ್ಲ. ಬಸ್ಸುಂಟಲ್ಲ."

ಯಾವ ಬಸ್ಸು, ಏನು ಅಂತ ಗೊತ್ತಾದದ್ದು ಊಟಕ್ಕೆ ಕೂತಾಗ. ಅಮ್ಮನಿಗೆ ಮೊಣಕಾಲು ನೋವು ಅಂತ ಗೊತ್ತಿತ್ತು. ದೀಪಾವಳಿಯಿಂದ ಈಚೆಗೆ ರಾತ್ರಿ ನಿದ್ದೆ ಮಾಡಲಿಕ್ಕೇ ಆಗುವುದಿಲ್ಲ ಅಂತ ಗೊತ್ತಿರಲಿಲ್ಲ. ಪುತ್ತೂರಿನ ಡಾಕ್ಟರರು ಎರಡು ಸಲ ಬರಲಿಕ್ಕೆ ಹೇಳಿದ್ದರು. ಮಗ ಡಿಸೆಂಬರಿನಲ್ಲಿ ಕಾರಿನಲ್ಲಿ ಬರುತ್ತಾನೆ, ಆಗ ಹೋದರಾಯಿತು ಅಂತ ಅವಳು ಎರಡು ತಿಂಗಳು ಕಾದಿದ್ದಳು. ಫೋನಿನಲ್ಲಿ ಹೇಳಬಾರದಿತ್ತಾ ಅಂತ ನಾನು ಜೋರು ಮಾಡಿದೆ. "ಹೇಳಿದ್ದೆ. ಕಾಲು ನೋವುಂಟು ಅಂತ ಹೇಳಿದ್ದೆ" ಅಂದಳು. ಹೇಳಿದ್ದಳು. ಆ ಫೋನು ಬಂದಾಗ ನಾನು ಹ್ಯಾಂಗರ್ ಎಲ್ಲಿ ಸಿಗುತ್ತದೆ ಅಂತ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿದ್ದೆ. "ಬಿಸಿನೀರು ಹಾಕು" ಅಂದಿದ್ದೆ.

ಬಾಡಿಗೆ ಕಾರು ಹೇಳುತ್ತೇನೆ ಅಂದೆ. ಎಂತಕ್ಕೆ ಸುಮ್ಮನೆ ದುಡ್ಡು ಅಂತ ಅವಳು ಒಪ್ಪಲೇ ಇಲ್ಲ. ಮಾರನೇ ದಿನ ಕಾಣಿಯೂರಿನವರೆಗೆ ರಿಕ್ಷಾ, ಅಲ್ಲಿಂದ ಬಸ್ಸು. ಬಸ್ಸಿನ ಮೊದಲನೇ ಮೆಟ್ಟಿಲು ಎಷ್ಟು ಎತ್ತರ ಉಂಟು ಅಂತ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು ಒಂದು ಕಾಲು ಇಟ್ಟಳು, ಎರಡನೇ ಕಾಲು ಬರಲಿಲ್ಲ. ಹಿಂದಿನಿಂದ ನಾನು ಎತ್ತಿ ಹತ್ತಿಸಿದೆ. ಬಸ್ಸಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಕಂಡಕ್ಟರ್ ಹುಡುಗ ಇಳಿದು ಬಂದು, "ಮೆಲ್ಲ ಅಮ್ಮ, ಬಸ್ಸು ಎಲ್ಲಿಗೂ ಹೋಗುದಿಲ್ಲ" ಅಂದ. ಹಿಂದಿನ ದಿನ ನಾನು ಇಳಿಯದೆ ಹತ್ತಿದಂಥದ್ದೇ ಚಡಾವುಗಳನ್ನು ಬಸ್ಸು ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಅಮ್ಮ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಎಕ್ಸ್‌ರೇ, ರಕ್ತ ಪರೀಕ್ಷೆ, ಮಾತ್ರೆ, ಎರಡು ದಿನ ಬಿಟ್ಟು ಪುನಃ ಬನ್ನಿ. ಪುನಃ ಹೋಗುವಾಗ ಅವಳನ್ನು ಕೇಳದೆ ಕಾರು ತರಿಸಿದೆ. ಸವೆದಿದೆ, ಆಪರೇಷನ್ ಈಗಲೇ ಬೇಡ, ಮಾತ್ರೆ ತಪ್ಪಿಸಬೇಡಿ ಅಂದರು. ರಜೆಯ ಉಳಿದ ದಿನಗಳಲ್ಲಿ ಅಪ್ಪನ ಜತೆ ಅಡಿಕೆ ಹೆಕ್ಕಿದೆ. ಸೈಕಲ್ ಹಟ್ಟಿಯ ಗೋಡೆಗೆ ಒರಗಿತ್ತು. ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಬೆಂಗಳೂರಿಗೆ ಹೊರಡುವ ದಿನ ಅದನ್ನು ಪುನಃ ಗೋಣಿಯಲ್ಲಿ ಕಟ್ಟುವ ಮನಸ್ಸಾಗಲಿಲ್ಲ. ಯುಗಾದಿಗೆ ಕಾರಿನಲ್ಲಿ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದೆ.

2020ರ ಯುಗಾದಿಯ ಹೊತ್ತಿಗೆ ಏನಾಯಿತು ಅಂತ ನಿಮಗೆ ಗೊತ್ತುಂಟು. ಹಬ್ಬದ ದಿನವೇ ಇಡೀ ದೇಶಕ್ಕೆ ಬೀಗ. ನಾನು ಬೆಂಗಳೂರಿನಲ್ಲಿ, ಕಾರು ಬೇಸ್‌ಮೆಂಟಿನಲ್ಲಿ, ಸೈಕಲ್ ಹಟ್ಟಿಯಲ್ಲಿ. ಆಮೇಲೆ ಬೆಂಗಳೂರಿನಲ್ಲಿ ಎಲ್ಲರಿಗೂ ಒಟ್ಟಿಗೇ ಸೈಕಲ್ ಹುಚ್ಚು ಹಿಡಿದು ಅಂಗಡಿಗಳಲ್ಲಿ ಸ್ಟಾಕ್ ಇಲ್ಲ ಅಂತಾಯಿತು. ಅದೂ ನನಗೆ ಬೇಕಿತ್ತು.

ಊರಲ್ಲಿ ಬಸ್ಸಿಲ್ಲ, ರಿಕ್ಷಾ ಇಲ್ಲ, ಅಂಗಡಿ ಬೆಳಿಗ್ಗೆ ಕೆಲವೇ ಗಂಟೆ. ಅಮ್ಮನ ಮಾತ್ರೆ ಮುಗಿದಿರಬಹುದು ಅಂತ ಲೆಕ್ಕ ಹಾಕಿ ಗಾಬರಿಯಿಂದ ಫೋನ್ ಮಾಡಿದೆ.

"ತಂದಾಯ್ತು" ಅಂದಳು ಅಮ್ಮ. "ಅಪ್ಪ ಸೈಕಲ್ಲಲ್ಲಿ ಹೋಗಿ ತಂದ್ರು. ಹಿಂಡಿಯೂ ತಂದ್ರು."

"ಅಪ್ಪ ಆ ಸೈಕಲ್ ಬಿಡ್ತಾರಾ? ಗೇರ್ ಗೊತ್ತಾಗ್ತದಾ ಅವರಿಗೆ?"

"ಕೂತದ್ದನ್ನು ನಾನು ನೋಡ್ಲಿಲ್ಲಪ್ಪ. ಗೇಟಿಂದ ಆಚೆಯೂ ದೂಡಿಕೊಂಡೇ ಹೋಗುದು, ದೂಡಿಕೊಂಡೇ ಬರುದು. ಕ್ಯಾರಿಯರ್ ಇಲ್ಲದ್ದು ಎಂತ ಸೈಕಲ್ ಅಂತ ಬೈತಾ ಇರ್ತಾರೆ. ತಡಿ, ಇಲ್ಲೇ ಇದ್ದಾರೆ."

ಅಪ್ಪ ಫೋನು ತೆಗೆದುಕೊಂಡರು. ಹೇಗಿದ್ದೀ ಅಂತ ಕೇಳಲಿಲ್ಲ.

"ಎಡದ್ದು ಪೆಡಲು ಅಲ್ಲಾಡ್ತಾ ಉಂಟು ಮಾರಾಯ. ಎಷ್ಟು ತಿರುಗಿಸಿದರೂ ಬಿಗಿಯಾಗುದಿಲ್ಲ."

"ಅಪ್ಪ, ಅದು ಉಲ್ಟಾ. ಎಡಕ್ಕೆ ತಿರುಗಿಸಿ."

ಫೋನನ್ನು ಎಲ್ಲೋ ಇಟ್ಟ ಸದ್ದು ಕೇಳಿತು. ಹಟ್ಟಿಯಲ್ಲಿ ದನ ಕೂಗಿತು. ಸ್ಪ್ಯಾನರ್ ಒಮ್ಮೆ ಜಾರಿದ ಹಾಗಾಯಿತು, ಅಪ್ಪ ಏನೋ ಬೈದರು. ನಾನು ಕಾದೆ.